ತೊಗರಿ ಹೊಲದ ಬದುವಿನಲ್ಲಿ ಟ್ರೇಲ್ ಕ್ಯಾಮೆರಾ: 3 ವರ್ಷ ಬಳಸಿದ ಮೇಲೆ

ಪ್ರಾಣಿ ಮುಂದೆ ಹಾದರೆ ತಾನೇ ಫೋಟೊ ತೆಗೆಯುವ ಈ ಕ್ಯಾಮೆರಾವನ್ನು ಚಿಂಚೋಳಿ ಕಡೆಯ ನಮ್ಮ ಹೊಲದಲ್ಲಿ ಕಟ್ಟಿ ಮೂರು ವರ್ಷವಾಯಿತು. ತಂದದ್ದು ತೋಳಕ್ಕಾಗಿ. ಕುರಿ ಕಾಯುವ ಕಾಕಾ "ರಾತ್ರಿ ತ್ವಾಳ ಬಂದಿತ್ರಿ" ಅಂತ ಹೆಜ್ಜೆ ತೋರಿಸುತ್ತಿದ್ದರು. ನಾಯಿ ಹೆಜ್ಜೆ ಅಂತ ನಾನು ನಗುತ್ತಿದ್ದೆ.

ಚಳಿಗಾಲದಲ್ಲಿ ಇದಕ್ಕೆ 10ಕ್ಕೆ 9, ಬೇಸಿಗೆಯಲ್ಲಿ 3. ತಪ್ಪು ನಮ್ಮ ಬಿಸಿಲಿನದು. ಒಳಗಿನ ಪಿಐಆರ್ ಸೆನ್ಸರ್ ಹಿಡಿಯುವುದು ಪ್ರಾಣಿಯ ಮೈಶಾಖಕ್ಕೂ ಹಿಂದಿನ ನೆಲದ ಶಾಖಕ್ಕೂ ಇರುವ ಅಂತರವನ್ನು. ಮೇ ತಿಂಗಳ ಹಗಲು 42 ಡಿಗ್ರಿ ದಾಟಿ ಎರೆಮಣ್ಣು ಹಂಚಿನ ಹಾಗೆ ಕಾದರೆ ಆ ಅಂತರ ಆಗಾಗ ಇಲ್ಲದಂತಾಗುತ್ತದೆ. ನಾನೇ ಮುಂದೆ ಅಡ್ಡಾಡಿ ನೋಡಿದೆ: ನಾಲ್ಕು ಸಲಕ್ಕೆ ಒಂದು ಫೋಟೊ. ಅದೇ ಬಿಸಿಗಾಳಿಗೆ ಒಣಹುಲ್ಲು ಅಲ್ಲಾಡಿದರೆ ಕಾರ್ಡ್ ತುಂಬಾ ಹುಲ್ಲು. ಮುಂದಿನ ಹುಲ್ಲು ಕೊಯ್ಯದೆ ಕ್ಯಾಮೆರಾ ಕಟ್ಟಲೇಬೇಡಿ.

ಎರೆ ಹೊಲದವರು ಗೂಟ ನೆಡುವುದೂ ಬೇಡ. ಮಳೆಗೆ ಉಬ್ಬಿದ ಮಣ್ಣು ಬೇಸಿಗೆಗೆ ಕೈ ಇಳಿಯುವಷ್ಟು ಬಿರಿದು, ನನ್ನ ಗೂಟ ವಾಲಿ, ಒಂದೂವರೆ ತಿಂಗಳು ಬರೀ ಆಕಾಶದ ಫೋಟೊ ಸಿಕ್ಕಿತು. ಈಗ ಜಾಲಿಗಿಡದ ಬೊಡ್ಡೆಗೆ ಮೊಣಕಾಲೆತ್ತರದಲ್ಲಿ ಉತ್ತರಕ್ಕೆ ಮುಖ ಮಾಡಿ ಕಟ್ಟಿದ್ದೇನೆ. ಕಾಲುದಾರಿಗೆ ಓರೆಯಾಗಿ ಇಟ್ಟಮೇಲೆ ಬರೀ ಬಾಲ ಸಿಗುವುದು ಕಡಿಮೆಯಾಗಿದೆ.

ರಾತ್ರಿ ಫೋಟೊಗೆ ಇದು ಬಿಡುವ ಅವಕೆಂಪು (ಇನ್‌ಫ್ರಾರೆಡ್) ಬೆಳಕು 940 ನ್ಯಾನೋಮೀಟರ್‌ನದು. 850ರದ್ದು ಇನ್ನೂ ದೂರ ಬೆಳಗುತ್ತದೆ, ಆದರೆ ಕತ್ತಲಲ್ಲಿ ಕೆಂಪು ಮಿಣುಕು ಕಾಣುತ್ತದೆ. ನನ್ನ ಭಯ ಪ್ರಾಣಿಗಿಂತ ಕಳ್ಳರದು. ರೀಚಾರ್ಜ್ ಸೆಲ್ 1.2 ವೋಲ್ಟಿನವು, ರಾತ್ರಿ ದೀಪ ಹತ್ತುವಾಗಲೇ ಕೈಕೊಡುತ್ತಿದ್ದವು. 1.5ರ ಲಿಥಿಯಂ ಸೆಲ್ ದುಬಾರಿ, ಆದರೂ ಅದೇ ವಾಸಿ. ಮೊದಲ ಮಳೆಗಾಲದಲ್ಲಿ ಲೆನ್ಸ್ ಒಳಗೆ ಮಂಜು ಕಟ್ಟಿತು. ಮಾರಿದವರು "ನೀರು ಹೋಗಿದೆ, ವಾರಂಟಿ ಇಲ್ಲ" ಅಂದರು. ಪೆಟ್ಟಿಗೆ ಮೇಲೆ ವಾಟರ್‌ಪ್ರೂಫ್ ಅಂತಲೇ ಬರೆದಿತ್ತು! ತೇವ ಹೀರುವ ಸಿಲಿಕಾ ಪೊಟ್ಟಣ ಒಳಗಿಟ್ಟಮೇಲೆ ತೊಂದರೆಯಿಲ್ಲ.

ಇಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮವಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ಕಟ್ಟುವಂತಿಲ್ಲ. ಸ್ವಂತ ಹೊಲದಲ್ಲಿ ಕಟ್ಟಿದರೂ ಅಕ್ಕಪಕ್ಕದವರಿಗೆ ಹೇಳಿಡಿ. ನಸುಕಿನಲ್ಲಿ ಚೆಂಬು ಹಿಡಿದು ಬಂದವರು ಫೋಟೊದಲ್ಲಿ ಬಿದ್ದು ನಮ್ಮಲ್ಲಿ ಜಗಳವೇ ಆಯಿತು.

ಇಷ್ಟಾಗಿ ಸಿಕ್ಕಿದ್ದು ಹಂದಿ, ಮೊಲ, ನರಿ, ಲೆಕ್ಕವಿಲ್ಲದಷ್ಟು ನಾಯಿ. ತೋಳ ಬಂದದ್ದು ಎರಡನೇ ವರ್ಷದ ಡಿಸೆಂಬರಿನಲ್ಲಿ, ನಸುಕಿನ 4.52ಕ್ಕೆ: ಉದ್ದ ಕಾಲು, ಬಗ್ಗಿಸಿದ ತಲೆ, ಒಂದೇ ಫೋಟೊ. ಓಡಿಹೋಗಿ ಕಾಕಾಗೆ ತೋರಿಸಿದೆ. ಮೊಬೈಲ್ ದೂರ ಹಿಡಿದು ನೋಡಿ, "ಇದರ ಹೆಜ್ಜೀನೇ ಅಲ್ಲೇನ್ರಿ ನಾ ತೋರಿಸಿದ್ದು?" ಅಂದರು.