ವಾಟ್ಸಾಪ್ ಬಿಸಿನೆಸ್, ಐದನೇ ವರ್ಷ: ಬೇಳೆ ನೋಡಿ ಹೋಗುತ್ತಿದ್ದವರು ಬೇಳೆ ಕೊಂಡದ್ದು

ತೊಗರಿ ಬೇಳೆ ಮಾರುವ ನಮ್ಮ ವೆಬ್‌ಸೈಟ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಬಟನ್ ಹಾಕಿ ಇದು ಐದನೇ ವರ್ಷ. ವ್ಯಾಪಾರ ಮಾಡುವವರಿಗೆಂದೇ ಇರುವ ಈ ವಾಟ್ಸಾಪ್ ಆ್ಯಪ್ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಆದರೆ ಒಂದೆರಡು ತಿಂಗಳು ಬಳಸಿ ಬರೆದದ್ದೇ ಜಾಸ್ತಿ. ನಾನು ನಾಲ್ಕು ಸುಗ್ಗಿ ದಾಟಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ವ್ಯಾಪಾರದ ವಿಷಯ. ಊರು ಕಲಬುರಗಿ. ಕಾಕಾ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಕೊಳ್ಳುತ್ತಾರೆ. ಪರಿಚಯದವರ ದಾಲ್ ಮಿಲ್‌ನಲ್ಲಿ ಒಡೆಸಿ, ಪಾಲಿಶ್ ಇಲ್ಲದೆ ಅಂಗಡಿಗೆ ತರುತ್ತೇವೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ಊರಿನ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು. ಮರುವರ್ಷವೇ ಲಾಕ್‌ಡೌನ್. ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಹೋಗಿ ನೆಲೆಸಿದ ನಮ್ಮ ಮಂದಿ ಫೋನ್ ಮಾಡಿ "ಊರ ಬ್ಯಾಳಿ ಕಳಸ್ತೀರೇನ್ರಿ" ಅಂತ ಕೇಳತೊಡಗಿದರು. ಹಾಗಾಗಿ ಒಂದು ವೆಬ್‌ಸೈಟ್ ಮಾಡಿಸಿದೆವು.

ಜನ ಬಂದರು. ಬೇಳೆಯ ಫೋಟೋ ನೋಡಿದರು. ಹೋದರು. ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗೂಗಲ್ ಅನಾಲಿಟಿಕ್ಸ್ ತೆಗೆದು ನೋಡುತ್ತಿದ್ದೆ. ಬಂದವರ ಲೆಕ್ಕ ಏರುತ್ತಿತ್ತು, ಆರ್ಡರ್ ಮಾತ್ರ ಬೆರಳೆಣಿಕೆ. ಸೈಟ್ ಮಾಡಿಕೊಟ್ಟವರು "ವಿಚಾರಣೆ" ಅಂತ ಒಂದು ಫಾರ್ಮ್ ಇಟ್ಟಿದ್ದರು. ಹೆಸರು, ಇಮೇಲ್, ಫೋನ್, ವಿಳಾಸ, ಪಿನ್‌ಕೋಡ್, ವಿಷಯ, ಸಂದೇಶ, ಎಲ್ಲ ತುಂಬಬೇಕು. ಅದನ್ನು ತುಂಬಿದವರ ಇಮೇಲ್‌ಗಳು ಸ್ಪ್ಯಾಮ್‌ಗೆ ಹೋಗಿ ಬೀಳುತ್ತಿದ್ದವು. ಎಷ್ಟೋ ತಿಂಗಳು ಆದ ಮೇಲೆ ನನಗೆ ಅದು ಗೊತ್ತಾಯಿತು. ಇಷ್ಟು ಬರೆದು ಕೇಳಿದವರಿಗೆ ನಾವು ಉತ್ತರವನ್ನೇ ಕೊಟ್ಟಿರಲಿಲ್ಲ ಅನ್ನೋದು ಈಗಲೂ ನನ್ನ ಮನಸ್ಸಿಗೆ ನೋವು ಕೊಡುತ್ತದೆ.

ಅವತ್ತು ಕಾಕಾ ಒಂದು ಮಾತು ಹೇಳಿದರು. "ಮಂದಿ ಬಂದು ಹೋಗ್ಲತ್ತಾರ ಅಂತಿ. ಅಂಗಡಿಗಿ ಬಂದವರಿಗಿ ಮಾತಾಡಸ್ದೇ ಕಳಸ್ತೇವೇನು ನಾವು?" ಅವರಿಗೆ ಕಂಪ್ಯೂಟರ್ ಬರೋದಿಲ್ಲ. ಆದರೆ ನಮ್ಮ ಸೈಟ್‌ನ ರೋಗ ಹಿಡಿದವರು ಅವರೇ.

ಫಾರ್ಮ್ ತೆಗೆದೆ. ಹಳೇ ಫೋನಿಗೆ ಅಂಗಡಿಗೆಂದೇ ಹೊಸ ಸಿಮ್ ಹಾಕಿ ವಾಟ್ಸಾಪ್ ಬಿಸಿನೆಸ್ ಇಳಿಸಿದೆ. ಆ್ಯಪ್ ಬಂದದ್ದು 2018ರಲ್ಲಿ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಚಾಟ್ ಲಿಂಕ್ ಸಿಗುತ್ತದೆ. ಆ ಲಿಂಕನ್ನು ಸೈಟ್‌ನ ಬಟನ್‌ಗೆ ಕೊಟ್ಟರೆ ಒತ್ತಿದವರ ಫೋನಿನಲ್ಲಿ ನೇರ ನಮ್ಮ ಜೊತೆಗಿನ ಚಾಟ್ ತೆರೆಯುತ್ತದೆ. ಲಿಂಕ್ ಜೊತೆಗೇ ಮೊದಲ ಸಾಲನ್ನು ಬರೆದಿಡಬಹುದು. ಇದನ್ನು ಬಹಳ ಜನ ಬಳಸುವುದಿಲ್ಲ. ನಾನು ಒಂದೊಂದು ಪುಟಕ್ಕೂ ಒಂದೊಂದು ಸಾಲು ಇಟ್ಟೆ. 5 ಕಿಲೋ ಪುಟದ ಬಟನ್ ಒತ್ತಿದರೆ "5 ಕಿಲೋ ಬೇಳೆ ಬಗ್ಗೆ ಕೇಳಬೇಕಿತ್ತು" ಅಂತ ಮೊದಲೇ ಟೈಪ್ ಆಗಿರುತ್ತದೆ. ಗಿರಾಕಿ ಕಳಿಸು ಅಂತ ಒತ್ತಿದರೆ ಸಾಕು. ಯಾವ ಪುಟದಿಂದ ಬಂದರು ಅನ್ನೋದು ನಮಗೂ ತಿಳಿಯುತ್ತದೆ.

ಮೊದಲ ವಾರದಿಂದಲೇ ಪ್ರಶ್ನೆಗಳು ಬರತೊಡಗಿದವು. ಈ ವಿಮರ್ಶೆ ಬರೆಯಲು ಕಾರಣವೇ ಆ ಪ್ರಶ್ನೆಗಳು. ಗಿರಾಕಿ ಸಿಕ್ಕಿದ್ದಕ್ಕಿಂತ, ಅವರು ಯಾಕೆ ಕೊಳ್ಳದೆ ಹೋಗುತ್ತಿದ್ದರು ಅನ್ನೋದು ಗೊತ್ತಾದದ್ದೇ ನನಗೆ ದೊಡ್ಡ ಲಾಭ.

ಮೈಸೂರಿನ ಒಬ್ಬ ಅಮ್ಮ ಕೇಳಿದರು, "ಬೇಳೆ ಯಾಕೆ ಮಂಕಾಗಿದೆ, ಹಳೇದಾ?" ಎರಡು ದಿನಕ್ಕೆ ಇನ್ನೊಬ್ಬರು ಅದನ್ನೇ ಕೇಳಿದರು. ಆಮೇಲೆ ಮತ್ತೊಬ್ಬರು. ಅಲ್ಲಿಯವರೆಗೆ "ಪಾಲಿಶ್ ಇಲ್ಲದ ಬೇಳೆ" ಅಂತ ಬರೆದರೆ ಎಲ್ಲರಿಗೂ ಅರ್ಥ ಆಗುತ್ತದೆ ಅಂದುಕೊಂಡಿದ್ದೆ. ಪೇಟೆಯ ಬೇಳೆಗೆ ಎಣ್ಣೆ ಅಥವಾ ನೀರು ಹಾಕಿ ಉಜ್ಜಿ ಮಿಂಚಿಸುತ್ತಾರೆ. ಅದನ್ನೇ ನೋಡಿ ಅಭ್ಯಾಸ ಆದವರಿಗೆ ನಮ್ಮ ಬೇಳೆ ಹಳೇ ಸರಕಿನಂತೆ ಕಾಣುತ್ತಿತ್ತು. ಅಂಗಡಿಗೆ ಬಂದವರಾದರೆ ಕೈಯಲ್ಲಿ ಹಿಡಿದು ನೋಡುತ್ತಾರೆ, ಮೂಸುತ್ತಾರೆ, ಹಲ್ಲಲ್ಲಿ ಕಡಿದೂ ನೋಡುತ್ತಾರೆ. ಫೋಟೋ ನೋಡುವವರು ಏನು ಮಾಡಬೇಕು?

ಅವ್ವನ ಎರಡೂ ಅಂಗೈ ಮೇಲೆ ಬೇಳೆ ಹಾಕಿಸಿದೆ. ಎಡಗೈಯಲ್ಲಿ ಮಿಂಚುವ ಬೇಳೆ, ಬಲಗೈಯಲ್ಲಿ ನಮ್ಮದು. ಬೆಳಗಿನ ಹೊತ್ತು, ಅಂಗಡಿ ಕಟ್ಟೆಯ ಮೇಲೆ ಫೋಟೋ ತೆಗೆದೆ. ಬಲ ಅಂಗೈಗೆ ಹತ್ತಿದ ಸಣ್ಣ ಹಳದಿ ಹಿಟ್ಟು ಕೂಡ ಕಾಣುತ್ತದೆ. ಅದನ್ನೇ ಪುಟದ ಮೊದಲ ಫೋಟೋ ಮಾಡಿ, ಕೆಳಗೆ ಎರಡು ಸಾಲು ಬರೆದೆ. ಆಮೇಲೆ "ಹಳೇದಾ" ಅನ್ನೋ ಪ್ರಶ್ನೆ ಬರುವುದು ಬಹುತೇಕ ನಿಂತಿತು. "ಆ ಬಲಗೈದ್ದೇ ಕಳಸ್ರಿ" ಅಂತ ಆರ್ಡರ್ ಮಾಡುವವರು ಶುರುವಾದರು.

ಎರಡನೇ ಪ್ರಶ್ನೆ ಕೊರಿಯರ್‌ದು. ಒಂದು ಕಿಲೋ ಬೇಳೆ ಬೆಂಗಳೂರಿಗೆ ಕಳಿಸಿದರೆ ಕೊರಿಯರ್ ಖರ್ಚೇ ಬೇಳೆಯ ಬೆಲೆಯ ಅರ್ಧದಷ್ಟಾದರೂ ಆಗುತ್ತದೆ. ನಮ್ಮ ಸೈಟ್‌ನಲ್ಲಿ ಅದು ದುಡ್ಡು ಕಟ್ಟುವ ಕೊನೇ ಪುಟದಲ್ಲಿ ಮಾತ್ರ ಕಾಣುತ್ತಿತ್ತು. "ಇದೇನ್ರಿ, ಕಡೀಕ ಬಂದ ಮ್ಯಾಲ ರೊಕ್ಕ ಜಾಸ್ತಿ ಆಯ್ತು" ಅಂತ ಊರವರೇ ಒಬ್ಬರು ಚಾಟ್‌ನಲ್ಲಿ ಕೇಳಿದಾಗ ನಾಚಿಕೆಯಾಯಿತು. ಆನ್‌ಲೈನ್ ಅಂಗಡಿಗಳ ಬುಟ್ಟಿಗೆ ಸಾಮಾನು ಹಾಕಿದ ನೂರರಲ್ಲಿ ಸುಮಾರು 70 ಜನ ಕೊಳ್ಳದೇ ಹೋಗುತ್ತಾರೆ ಅಂತ ಆನ್‌ಲೈನ್ ಅಂಗಡಿಗಳ ಅಧ್ಯಯನ ಮಾಡುವ ಬೇಮಾರ್ಡ್ ಸಂಸ್ಥೆಯ ಲೆಕ್ಕ ಹೇಳುತ್ತದೆ. ಸುಮ್ನೆ ನೋಡಲು ಬಂದವರನ್ನು ಬಿಟ್ಟರೆ, ಕೊನೆಯಲ್ಲಿ ಸೇರಿಕೊಳ್ಳುವ ಖರ್ಚೇ ಅದಕ್ಕೆ ಮುಖ್ಯ ಕಾರಣ. 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳೂ ಎಲ್ಲ ಸೇರಿದ ಒಟ್ಟು ಬೆಲೆ ತೋರಿಸಬೇಕು ಅನ್ನುತ್ತವೆ. ಈಗ 1 ಕಿಲೋ ಪ್ಯಾಕೆಟ್ ಸೈಟ್‌ನಲ್ಲಿ ಇಲ್ಲವೇ ಇಲ್ಲ. 5 ಮತ್ತು 10 ಕಿಲೋ ಮಾತ್ರ, ಕೊರಿಯರ್ ಸೇರಿದ ಒಂದೇ ಬೆಲೆ, ಅದೂ ಫೋಟೋದ ಪಕ್ಕದಲ್ಲೇ. ಒಂಟಿಯಾಗಿ ಇರುವವರಿಗೆ 5 ಕಿಲೋ ಜಾಸ್ತಿ ಆಗುತ್ತದೆ, ಅವರು ಹೋಗಿಬಿಡುತ್ತಾರೆ. ಅದಕ್ಕೆ ಬೇಜಾರಿದೆ, ಆದರೆ ಬೇರೆ ದಾರಿ ಸಿಕ್ಕಿಲ್ಲ.

ಆ್ಯಪ್‌ನೊಳಗೆ ನಾನು ದಿನಾ ಬಳಸುವುದು ಮೂರೇ ಮೂರು. ಒಂದು, ಕ್ವಿಕ್ ರಿಪ್ಲೈ. ಓರೆಗೆರೆ (/) ಹಾಕಿ "ಬೆಲೆ" ಅಂತ ಟೈಪ್ ಮಾಡಿದರೆ ಬರೆದಿಟ್ಟ ಉತ್ತರ ಬರುತ್ತದೆ. 50 ಉತ್ತರ ಇಡಬಹುದು, ನನಗೆ ಹತ್ತು ಸಾಕಾಗಿದೆ. ಎರಡು, ಲೇಬಲ್. "ಕೇಳಿದ್ದಾರೆ", "ದುಡ್ಡು ಬಂದಿದೆ", "ಕಳಿಸಿದೆ", "ಮತ್ತೆ ಬೇಕು" ಅಂತ ಗಿರಾಕಿಗಳಿಗೆ ಬಣ್ಣದ ಚೀಟಿ ಅಂಟಿಸಿದ ಹಾಗೆ. ಮೂರು, ಕ್ಯಾಟಲಾಗ್. ಅದರಲ್ಲಿ ನಮ್ಮ ಬೇಳೆ, ಜೋಳ, ಶೇಂಗಾ ಹಿಂಡಿ (ಚಟ್ನಿಪುಡಿ) ಇವೆ. ಕೇಳಿದವರಿಗೆ ಚಾಟ್‌ನಲ್ಲೇ ಕಳಿಸಬಹುದು.

ತಾನಾಗಿ ಹೋಗುವ ಸ್ವಾಗತ ಸಂದೇಶದ ವಿಷಯದಲ್ಲಿ ನಾನು ತಪ್ಪು ಮಾಡಿದ್ದೆ. ಮಣ್ಣಿನ ಗುಣ, ಜಿಐ ಟ್ಯಾಗ್, ಬೆಲೆಪಟ್ಟಿ ಎಲ್ಲ ತುಂಬಿ ಒಂದು ಪುಟ ಬರೆದಿಟ್ಟಿದ್ದೆ. ಅದನ್ನು ಓದಿದವರು ತಿರುಗಿ ಮಾತಾಡುತ್ತಿರಲಿಲ್ಲ. ಈಗ ಇರುವುದು ಇಷ್ಟೇ: "ನಮಸ್ಕಾರ ರೀ. ಕೇಳಿ, ಒಂದು ತಾಸಿನೊಳಗ ಹೇಳ್ತೀವಿ." ಒಂದು ತಾಸು ಅಂದ ಮೇಲೆ ಒಂದು ತಾಸು. ರಾತ್ರಿ ಒಂಬತ್ತರ ನಂತರ ಬಂದವರಿಗೆ ಬೆಳಿಗ್ಗೆ ಉತ್ತರ ಬರುತ್ತದೆ ಅಂತ ಬೇರೆ ಸಂದೇಶ ಹೋಗುತ್ತದೆ. ಬೇಗ ಉತ್ತರ ಕೊಟ್ಟ ದಿನ ಮತ್ತು ಮದುವೆಗೆ ಹೋಗಿ ಸಂಜೆ ಕೊಟ್ಟ ದಿನ, ಇವೆರಡರ ನಡುವಿನ ವ್ಯತ್ಯಾಸ ನನಗೆ ಕಣ್ಣಾರೆ ಗೊತ್ತು. ಸಂಜೆ ಉತ್ತರ ಕೊಡುವ ಹೊತ್ತಿಗೆ ಅವರು ಮನೆ ಹತ್ತಿರದ ಅಂಗಡಿಯಿಂದ ಬೇಳೆ ತಂದಾಗಿರುತ್ತದೆ.

ದುಡ್ಡಿನ ವಿಷಯದಲ್ಲಿ ಹುಷಾರಾಗಿರಿ. ಹೆಚ್ಚಿನವರು ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಒಮ್ಮೆ ಸ್ಕ್ರೀನ್‌ಶಾಟ್ ನಂಬಿ 10 ಕಿಲೋ ಕಳಿಸಿಬಿಟ್ಟೆ, ದುಡ್ಡು ಬಂದೇ ಇರಲಿಲ್ಲ. ಈಗ ಖಾತೆಗೆ ಜಮಾ ಆದದ್ದನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೋಡದೆ ಚೀಲ ಹೊಲಿಯುವುದಿಲ್ಲ.

ಕಳೆದ ವರ್ಷ ಸೈಟ್‌ಗೆ ಮೈಕ್ರೋಸಾಫ್ಟ್ ಕ್ಲಾರಿಟಿ ಕೂಡ ಸೇರಿಸಿದೆ. ಇದಕ್ಕೂ ದುಡ್ಡಿಲ್ಲ. ಬಂದವರು ಎಲ್ಲಿ ಒತ್ತಿದರು, ಎಲ್ಲಿಯವರೆಗೆ ಕೆಳಗೆ ಸರಿಸಿದರು ಅನ್ನೋದನ್ನು ವಿಡಿಯೋ ತರಹ ತೋರಿಸುತ್ತದೆ. ಒಬ್ಬರು ಚೀಲದ ಹಿಂಭಾಗದ ಫೋಟೋ ಮೇಲೆ ಒತ್ತಿ ಒತ್ತಿ ಬಿಟ್ಟು ಹೋದರು. ಇನ್ನೊಬ್ಬರೂ ಹಾಗೇ. ಯಾಕೆ ಅಂತ ನೋಡಿದರೆ ಆ ಫೋಟೋ ದೊಡ್ಡದಾಗುತ್ತಲೇ ಇರಲಿಲ್ಲ. ಅವರು ಎಫ್ಎಸ್ಎಸ್ಎಐ (ಆಹಾರ ಸುರಕ್ಷತೆ) ಪರವಾನಗಿ ನಂಬರ್ ಮತ್ತು ಪ್ಯಾಕ್ ಮಾಡಿದ ತಾರೀಖು ಓದಲು ನೋಡುತ್ತಿದ್ದರು ಅನ್ನಿಸಿತು. ಫೋಟೋ ದೊಡ್ಡದಾಗುವ ಹಾಗೆ ಮಾಡಿದೆವು. 14 ಅಂಕಿಯ ಆ ನಂಬರನ್ನು ಪುಟದಲ್ಲಿ ಟೈಪ್ ಮಾಡಿಯೂ ಹಾಕಿದೆವು. ಇಂಥವರು ಚಾಟ್‌ಗೆ ಬರುವುದೇ ಇಲ್ಲ, ನೋಡಿ. ಕೇಳದೇ ಹೋಗುವವರ ಪ್ರಶ್ನೆ ತಿಳಿಯಲು ಬಟನ್ ಒಂದೇ ಸಾಲದು.

ಇನ್ನೊಂದು ವಿಷಯ ಹೊರಗಿನ ಊರಿನವರಿಗೆ ಹೊಳೆಯಲಿಕ್ಕಿಲ್ಲ. 2014ರ ನವೆಂಬರ್ 1ರಿಂದ ನಮ್ಮ ಊರು ಕಲಬುರಗಿ. ಆದರೆ ಪುಣೆ, ಹೈದರಾಬಾದ್ ಕಡೆಯವರು ಈಗಲೂ "ಗುಲ್ಬರ್ಗ ದಾಲ್" ಅಂತಲೇ ಹುಡುಕುತ್ತಾರೆ. ಪುಟದಲ್ಲಿ ಎರಡೂ ಹೆಸರು ಬರೆದಿದ್ದೇವೆ. ಗುಲ್ಬರ್ಗ ಅಂತ ಹುಡುಕಿ ಬಂದವರು ಹೆಚ್ಚಾಗಿ ಇಲ್ಲಿ ಹುಟ್ಟಿ ಬೆಳೆದವರೋ ಇಲ್ಲಿ ನೌಕರಿ ಮಾಡಿ ಹೋದವರೋ ಆಗಿರುತ್ತಾರೆ. ಅವರು ಬೆಲೆ ಕೇಳುವ ಮೊದಲು ಶರಣಬಸವೇಶ್ವರ ಜಾತ್ರೆ ಯಾವಾಗ ಅಂತ ಕೇಳುತ್ತಾರೆ. ಆ ಮಾತಿಗೂ ಸಮಾಧಾನವಾಗಿ ಉತ್ತರ ಕೊಡಬೇಕು.

ಆ್ಯಪ್‌ನ ಮಿತಿಗಳನ್ನೂ ಹೇಳಬೇಕು. ಒಂದೇ ಸಂದೇಶವನ್ನು ಬಹಳ ಜನರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಅದಕ್ಕೇ ಚೀಲದ ಜೊತೆ ಒಂದು ಚೀಟಿ ಇಡುತ್ತೇವೆ: "ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ತೊಗರಿ ಬಂದಾಗ ಹೇಳುತ್ತೇವೆ." ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಸಂದೇಶ ಕಳಿಸುವುದಿಲ್ಲ. ಒಮ್ಮೆ ಎಲ್ಲರನ್ನೂ ಒಂದು ಗ್ರೂಪಿಗೆ ಹಾಕಿದ್ದೆ. ಒಬ್ಬ ಅಕ್ಕ ಸಿಟ್ಟಾಗಿ "ನನ್ನ ನಂಬರ್ ಎಲ್ಲರಿಗೂ ಯಾಕೆ ತೋರಿಸಿದ್ರಿ" ಅಂದರು. ಅವರು ಹೇಳಿದ್ದು ಸರಿ. ಅವತ್ತೇ ಗ್ರೂಪ್ ಅಳಿಸಿ ಎಲ್ಲರಲ್ಲೂ ಕ್ಷಮೆ ಕೇಳಿದೆ. ದಿನಕ್ಕೆ ನೂರಾರು ಜನ ಮಾತಾಡಿಸುವ ದೊಡ್ಡ ಅಂಗಡಿಗೆ ಈ ಸಣ್ಣ ಆ್ಯಪ್ ಸಾಲದು. ಮನೆಯವರು ಮೂರು ಜನ ಸೇರಿ ಉತ್ತರ ಕೊಡುವ ನಮ್ಮಂಥವರಿಗೆ ಸಾಕು.

ಈ ವಾರ ಧಾರವಾಡದಿಂದ ಹೊಸ ಪ್ರಶ್ನೆ ಬಂತು. "ಹೋದ ಸಲ ಮೂರು ಸೀಟಿಗೆ ಬೆಂದಿತ್ತು, ಈ ಸಲ ಐದು ಬೇಕಾಯ್ತು, ಯಾಕ್ರಿ?" ಹೋದ ಸಲ ಅವರು ತರಿಸಿದ್ದು ಜನವರಿಯಲ್ಲಿ, ಹೊಸ ತೊಗರಿ ಬಂದ ಹೊತ್ತು. ಬೇಳೆ ಹಳತಾದಂತೆ ಬೇಯಲು ಹೊತ್ತು ಹಿಡಿಯುತ್ತದೆ, ಅರ್ಧ ತಾಸು ನೆನೆಸಿಡಿ ಅಂತ ಬರೆದೆ. ಅವ್ವ ನಿನ್ನೆ ಎರಡು ಕುಕ್ಕರ್ ಇಟ್ಟು, ಒಂದರಲ್ಲಿ ನೆನೆಸಿದ್ದು, ಇನ್ನೊಂದರಲ್ಲಿ ನೆನೆಸದ್ದು ಬೇಯಿಸಿದಳು. ಫೋಟೋ ತೆಗೆದಿದ್ದೇನೆ. ಇವತ್ತು ರಾತ್ರಿ ಪುಟಕ್ಕೆ ಹಾಕಬೇಕು.