ಸಪ್ತಾಪುರದ ಆಂಥ್ರೋಪಾಲಜಿ ಕೋಚಿಂಗ್: ನೋಟ್ಸ್ ಗಟ್ಟಿ, ಫೀಲ್ಡ್‌ವರ್ಕ್ ಇಲ್ಲವೇ ಇಲ್ಲ

ಧಾರವಾಡದ ಸಪ್ತಾಪುರದ ಕಡೆ ಹೋದರೆ ಕೋಚಿಂಗ್ ಬೋರ್ಡುಗಳಿಗೆ ಲೆಕ್ಕವೇ ಇಲ್ಲ. ಅಲ್ಲೇ ಒಂದು ಕಡೆ ಯುಪಿಎಸ್‌ಸಿ ಮೇನ್ಸ್‌ಗೆಂದು ಆಂಥ್ರೋಪಾಲಜಿ, ಅಂದರೆ ಮಾನವಶಾಸ್ತ್ರದ ಆಪ್ಷನಲ್ (ನಾವೇ ಆರಿಸಿಕೊಳ್ಳುವ ವಿಷಯ) ಬ್ಯಾಚ್ ಮುಗಿಸಿದೆ. ಹೆಸರು ಬೇಡ. ಅದಕ್ಕೂ ಮೊದಲು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದಲ್ಲಿ ಎಂಎ ಮಾಡಿದ್ದೆ. ಹಾಗಾಗಿ ಎರಡರ ರುಚಿಯೂ ಗೊತ್ತು.

ಮೊದಲ ಪೇಪರಿಗೆ ಇಲ್ಲಿ ಧೈರ್ಯವಾಗಿ ಸೇರಬಹುದು. ಜೆನೆಟಿಕ್ಸ್, ಮಾನವ ವಿಕಾಸ ಅಂದರೆ ಆರ್ಟ್ಸ್ ಓದಿದವರು ಹೆದರುತ್ತಾರೆ, ಅಲ್ವಾ? ಸರ್ ಬೋರ್ಡ್ ಮೇಲೆ ಚಿತ್ರ ಬಿಡಿಸಿ, ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಬರೆದುಕೊಟ್ಟ ಉತ್ತರಗಳನ್ನು ಸಾಲು ಸಾಲಾಗಿ ತಿದ್ದಿ ಕೊಡುತ್ತಾರೆ. ಹಳ್ಳಿಯಿಂದ ಬಂದು ರೂಮ್ ಮಾಡಿಕೊಂಡು ಓದುವ ಹುಡುಗರಿಗೆ ಇದು ದೊಡ್ಡ ಆಸರೆ.

ಬೇಸರ ಎರಡನೇ ಪೇಪರಿನದು. ಭಾರತದ ಸಮಾಜ, ಬುಡಕಟ್ಟುಗಳು, ಹಳ್ಳಿಗಳ ಅಧ್ಯಯನ ಎಲ್ಲ ಬರುವುದು ಇಲ್ಲೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹೋಗಿ ಇದ್ದು, ಜನರ ಜೊತೆ ಓಡಾಡಿ, ಪ್ರಬಲ ಜಾತಿ (ಜನ, ಜಮೀನು ಹೆಚ್ಚಿದ್ದು ಊರಿನ ಮೇಲೆ ಹಿಡಿತವಿರುವ ಜಾತಿ) ಅನ್ನುವ ವಿಚಾರ ಕಟ್ಟಿದರು. ಕ್ಲಾಸಿನಲ್ಲಿ ಅದು ಐದು ಪಾಯಿಂಟ್ ಆಗುತ್ತದೆ, ಮುಂದಿನ ಪುಟ. ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದ ಬ್ರಿಟಿಷರ ಕಾಯ್ದೆಯ ಬಗ್ಗೆಯೂ ಅಷ್ಟೇ: ಅಪರಾಧಿ ಬುಡಕಟ್ಟು ಕಾಯ್ದೆ, 1871, ರದ್ದಾಗಿದ್ದು 1952, ಇಷ್ಟೇ ನೋಟ್ಸ್. ಆ ಕಾಯ್ದೆಯಡಿ ಜನರನ್ನು ತಂದು ಕೂಡಿಹಾಕಿದ ಜಾಗ ಹುಬ್ಬಳ್ಳಿಯಲ್ಲೇ ಇದೆ, ಇವತ್ತಿಗೂ ಜನ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. ದಿನಾ ಹುಬ್ಬಳ್ಳಿಯಿಂದ ಬಸ್ ಹತ್ತಿ ಬರುವ ಹುಡುಗರು ಬ್ಯಾಚಿನಲ್ಲಿದ್ದರು, ಆದರೂ ಈ ಮಾತೇ ಬರಲಿಲ್ಲ.

ಆಫ್ರಿಕಾ ಮೂಲದ ಸಿದ್ದಿಯರ ವಿಷಯವೂ ಹಾಗೇ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲೇ ಎಸ್‌ಟಿ ಸ್ಥಾನ ಸಿಕ್ಕಿತ್ತು. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಒಂದೇ ಜನ, ಜಿಲ್ಲೆಯ ಗಡಿ ದಾಟಿದರೆ ಹಕ್ಕೇ ಬೇರೆ ಆಗಿತ್ತು. ಇಂಥ ಬೇಡಿಕೆ ಬಂದಾಗ ಸರ್ಕಾರ ಮೊದಲು ಕೇಳುವುದು ಕುಲಶಾಸ್ತ್ರೀಯ ಅಧ್ಯಯನದ, ಅಂದರೆ ಆ ಸಮುದಾಯದ ಬದುಕು, ಆಚಾರಗಳ ಅಧ್ಯಯನದ ವರದಿ. ಅದನ್ನು ಬರೆಯಬೇಕಾದವರು ಮಾನವಶಾಸ್ತ್ರ ಓದಿದವರು. "ಇದನ್ನ ಓದಿ ಏನ್ ಸಿಗ್ತದ?" ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ವರದಿ ಸರಿಯಾಗಿದ್ದರೆ ಒಂದು ಸಮುದಾಯದ ಮಕ್ಕಳಿಗೆ ಸೀಟು, ಸ್ಕಾಲರ್‌ಶಿಪ್ ಸಿಗುವ ದಾರಿ ತೆರೆಯುತ್ತದೆ, ಕೆಟ್ಟದಾಗಿದ್ದರೆ ಕಡತ ವಾಪಸ್ ಬರುತ್ತದೆ. ಇದಕ್ಕಿಂತ ಜಾಸ್ತಿ ಇನ್ನೇನು ಬೇಕು ಹೇಳಿ.

ಎಂಎ ಮಾಡುವಾಗ ಫೀಲ್ಡ್‌ವರ್ಕ್‌ಗೆ ಕಲಘಟಗಿ ಕಡೆಯ ಗೌಳಿ ದೊಡ್ಡಿಗೆ (ಎಮ್ಮೆ, ದನ ಸಾಕುವ ಗೌಳಿಗರ ವಸತಿ) ಹೋಗಿದ್ದೆವು. ಎಮ್ಮೆ ಎಷ್ಟು, ಹಾಲು ಯಾರಿಗೆ ಕೊಡುತ್ತೀರಿ ಅಂದರೆ ಥಟ್ಟನೆ ಉತ್ತರ ಬರುತ್ತಿತ್ತು. ಜಮೀನು ಯಾರ ಹೆಸರಲ್ಲಿದೆ ಅಂದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಒಬ್ಬ ಅಜ್ಜಿ ಮಾತ್ರ, ಚಹಾ ಕುಡಿಸಿ, ನಮ್ಮ ಊರು ಮನೆ ಎಲ್ಲ ವಿಚಾರಿಸಿದ ಮೇಲೆ, ಕಾಡಿನಲ್ಲಿ ದನ ಮೇಯಿಸಲು ಹೋದಾಗ ಆಗುವ ತಕರಾರುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಯಾವ ಪ್ರಶ್ನೆ ಯಾವಾಗ ಕೇಳಬೇಕು, ಯಾವಾಗ ಪೆನ್ನು ಕೆಳಗಿಡಬೇಕು ಅನ್ನುವುದು ನನಗೆ ತಿಳಿದಿದ್ದು ಅಲ್ಲಿ. ನಾಳೆ ಅಸಿಸ್ಟೆಂಟ್ ಕಮಿಷನರ್ ಆಗಿ ಇದೇ ಜನರ ಅರ್ಜಿ ನೋಡುವವರಿಗೆ ಇದು ಬೇಡವೇ? ಕಲಘಟಗಿಗೆ ಒಂದು ಭಾನುವಾರ ಕರೆದುಕೊಂಡು ಹೋಗಿ ಬರುವುದು ಕೋಚಿಂಗಿನವರಿಗೆ ಭಾರವೇನಲ್ಲ. ಕೇಳಿದೆವು, ಸಿಲಬಸ್ ಮುಗಿಯಬೇಕು ಅಂದರು.

ಐದಕ್ಕೆ ಮೂರು ಕೊಡುತ್ತೇನೆ. ಈಗಾಗಲೇ ಎಂಎ ಆಗಿದ್ದರೆ ಉತ್ತರ ಬರೆಯುವ ಅಭ್ಯಾಸಕ್ಕೆ ಟೆಸ್ಟ್ ಸೀರೀಸ್ ಮಾತ್ರ ತೆಗೆದುಕೊಳ್ಳಿ, ಪೂರ್ತಿ ಫೀ ಕಟ್ಟಬೇಡಿ. ಡಿಗ್ರಿ ಈಗಷ್ಟೇ ಮುಗಿದು ವಯಸ್ಸಿನ್ನೂ ಇದೆ ಅನ್ನುವವರು ಮೊದಲು ಎಂಎಗೆ ಅರ್ಜಿ ಹಾಕಿ, ಕೋಚಿಂಗ್ ಆಮೇಲೆ ನೋಡಿದರಾಯಿತು.