ಟೆಸ್ಟ್ ಪಾಸ್ ಆಗಿದೆ ಅಂತ ಆರ್ಕಿಟೆಕ್ಚರ್ ಸರಿಯಿದೆ ಅಂದುಕೊಳ್ಳಬೇಡಿ

ಕೋಡ್ ನಾವು ಹಾಕಿದ ಪ್ಲಾನ್ (ಆರ್ಕಿಟೆಕ್ಚರ್) ಪ್ರಕಾರವೇ ಇದೆಯಾ ಅಂತ ಟೆಸ್ಟ್ ಮಾಡಿ ನೋಡೋಕೆ ಜಾವಾ ಲೈಬ್ರರಿ ಆರ್ಕ್‌ಯೂನಿಟ್ ಬಳಸ್ತಿದ್ದೀರಾ? ಹಾಗಾದ್ರೆ ನಿಮ್ಮ ರೂಲ್‌ಗಳನ್ನು ಇವತ್ತೇ ಒಮ್ಮೆ ತೆರೆದು ನೋಡಿ.

ನಮ್ಮ ಜಾವಾ ಪ್ರಾಜೆಕ್ಟ್‌ನಲ್ಲಿ ಒಂದು ರೂಲ್ ಇತ್ತು. ವೆಬ್ ಪ್ಯಾಕೇಜಿನ ಯಾವ ಕ್ಲಾಸೂ ಡಿಬಿ (ಡೇಟಾಬೇಸ್) ಪ್ಯಾಕೇಜನ್ನು ನೇರವಾಗಿ ಮುಟ್ಟಬಾರದು, ಏನಿದ್ದರೂ ಆರ್ಡರ್ ಲೇಯರ್ ಮೂಲಕವೇ ಹೋಗಬೇಕು. ಪ್ರತಿ ಬಿಲ್ಡ್‌ನಲ್ಲೂ ಪಾಸ್. ಹೀಗಿರುವಾಗ ಗ್ರಾಹಕರಿಂದ ದೂರು ಬರೋಕೆ ಶುರುವಾಯ್ತು: ಸ್ಕ್ರೀನ್ ಮೇಲೆ ಒಂದು ಮೊತ್ತ, ಇನ್‌ವಾಯ್ಸ್‌ನಲ್ಲಿ ಇನ್ನೊಂದು. ಹುಡುಕುತ್ತಾ ಹೋದರೆ, ವೆಬ್ ಪ್ಯಾಕೇಜಿನ ಒಂದು ಕಂಟ್ರೋಲರ್ ಕ್ಲಾಸ್ ಬೆಲೆಯನ್ನು ತಾನೇ ಡೇಟಾಬೇಸ್‌ನಿಂದ ಓದಿ, ರಿಯಾಯಿತಿಯನ್ನೂ ತಾನೇ ಲೆಕ್ಕ ಹಾಕ್ತಿತ್ತು, ಆರ್ಡರ್ ಲೇಯರ್‌ನಲ್ಲಿ ಬದಲಾದ ಲೆಕ್ಕ ಅದಕ್ಕೆ ತಲುಪಿರಲೇ ಇಲ್ಲ.

ರೂಲ್ ಇದನ್ನು ಹಿಡಿಯಬೇಕಿತ್ತು ಅಲ್ವಾ? ಹಿಡಿದಿರಲಿಲ್ಲ. ಯಾವಾಗಲೋ ಕೋಡನ್ನು ಮರುಜೋಡಿಸಲು ನಡೆದ ರಿಫ್ಯಾಕ್ಟರಿಂಗ್‌ನಲ್ಲಿ ಡಿಬಿ ಪ್ಯಾಕೇಜಿನ ಹೆಸರು ಸ್ಟೋರೇಜ್ ಅಂತಾಗಿತ್ತು. ರೂಲ್ ಒಳಗಿದ್ದ ಹೆಸರು ಬರೀ ಸ್ಟ್ರಿಂಗ್, ಅಂದ್ರೆ ಸಾದಾ ಪಠ್ಯ, ಅದು ಹಾಗೇ ಉಳಿದಿತ್ತು. ಇಲ್ಲದ ಪ್ಯಾಕೇಜನ್ನು ಯಾರು ಮುಟ್ಟೋಕಾಗುತ್ತೆ? ಟೆಸ್ಟ್ ಪಾಸ್ ಆಗ್ತಾನೇ ಇತ್ತು.

ಹೊಸ ವರ್ಷನ್‌ಗಳಲ್ಲಿ ಖಾಲಿ ರೂಲ್ (ಯಾವ ಕ್ಲಾಸಿಗೂ ಅನ್ವಯಿಸದ ರೂಲ್) ತಾನಾಗಿಯೇ ಫೇಲ್ ಆಗುತ್ತೆ ಅಂತಾರೆ. ಅದು ಅರ್ಧ ಮಾತ್ರ ನಿಜ. ಯಾವ ಕ್ಲಾಸ್‌ಗಳ ಮೇಲೆ ರೂಲ್ ಹಾಕಿದ್ದೀರೋ ಅವು ಇವೆಯಾ ಅಂತಷ್ಟೇ ಅದು ನೋಡುತ್ತೆ. ನಮ್ಮಲ್ಲಿ ವೆಬ್ ಕ್ಲಾಸ್‌ಗಳು ಬೇಕಾದಷ್ಟಿದ್ದವು. ಮುಟ್ಟಬಾರದ ಕಡೆ ಖಾಲಿಯಾದರೆ ಅದು ಬಾಯಿ ಬಿಡಲ್ಲ.

1995ರಲ್ಲೇ ಮರ್ಫಿ, ನಾಟ್ಕಿನ್, ಸಲ್ಲಿವನ್ ಅನ್ನೋ ಸಂಶೋಧಕರು ರಿಫ್ಲೆಕ್ಷನ್ ಮಾಡೆಲ್ ಅನ್ನೋ ವಿಧಾನ ಕೊಟ್ಟಿದ್ದರು. ಅದರಲ್ಲಿ ಪ್ಲಾನ್ ಮತ್ತು ಕೋಡ್ ಎರಡರಲ್ಲೂ ಇರುವ ಸಂಬಂಧ, ಕೋಡ್‌ನಲ್ಲಿ ಮಾತ್ರ ಇರೋದು, ಪ್ಲಾನ್‌ನಲ್ಲಿ ಮಾತ್ರ ಇರೋದು ಅಂತ ಮೂರನ್ನೂ ನೋಡ್ತಾರೆ. ನಾವು ಹೆಚ್ಚಿನವರು ಎರಡನೆಯದಕ್ಕೆ ನಿಲ್ಲಿಸ್ತೀವಿ. ಮೂರನೆಯದನ್ನು ನೋಡಿದ್ದರೆ, ಆರ್ಡರ್‌ನಿಂದ ಡಿಬಿಗೆ ಇರಬೇಕಾದ ಸಂಬಂಧವೇ ಕಾಣ್ತಿಲ್ಲ ಅಂತ ಅವತ್ತೇ ಗೊತ್ತಾಗ್ತಿತ್ತು.

ಆದಷ್ಟು ಆರ್ಕ್‌ಯೂನಿಟ್‌ನ ಲೇಯರ್ಡ್ ಆರ್ಕಿಟೆಕ್ಚರ್ ರೂಲ್ ಬಳಸಿ, ಅದರಲ್ಲಿ ಲೇಯರ್‌ಗಳನ್ನು ಹೆಸರಿಸಿ ಯಾವುದು ಯಾವುದನ್ನು ಮುಟ್ಟಬಹುದು ಅಂತ ಹೇಳ್ತೀವಿ. ಆಪ್ಷನಲ್ ಅಂತ ಹೇಳದಿದ್ದರೆ ಅದು ಖಾಲಿ ಲೇಯರ್ ಕಂಡಾಗ ಫೇಲ್ ಆಗುತ್ತೆ. ರೂಲ್ ಬರೆದ ಮೇಲೆ ಬೇಕಂತಲೇ ಅದನ್ನು ಮುರಿಯುವ ಕ್ಲಾಸ್ ಒಂದನ್ನು ಬೇರೆ ಬ್ರಾಂಚ್‌ನಲ್ಲಿ ಹಾಕಿ, ಟೆಸ್ಟ್ ಫೇಲ್ ಆಗೋದನ್ನು ಕಣ್ಣಾರೆ ನೋಡಿ. ಪ್ಯಾಕೇಜ್ ಹೆಸರು ಬದಲಾದಾಗಲೂ ಅಷ್ಟೇ, ಇದನ್ನು ಬಿಡಬೇಡಿ. ಹಳೆಯ ತಪ್ಪುಗಳನ್ನು ಫ್ರೀಜ್ ಮಾಡಿದ್ದರೆ (ಪಟ್ಟಿ ಮಾಡಿಟ್ಟು ಸದ್ಯಕ್ಕೆ ಬಿಟ್ಟಿದ್ದರೆ), ಸಿಐನಲ್ಲಿ (ಬಿಲ್ಡ್, ಟೆಸ್ಟ್ ತಾನಾಗಿಯೇ ನಡೆಸುವ ವ್ಯವಸ್ಥೆಯಲ್ಲಿ) ಆ ಪಟ್ಟಿಯನ್ನು ಮತ್ತೆ ಬರೆಯುವ ರಿಫ್ರೀಜ್ ಸೆಟ್ಟಿಂಗ್ ಆನ್ ಇದೆಯಾ ಅಂತಲೂ ನೋಡಿ, ಆನ್ ಇದ್ದರೆ ಹೊಸ ತಪ್ಪುಗಳೂ ಹಳೆಯವುಗಳ ಜೊತೆ ಸುಮ್ನೆ ಸೇರಿಕೊಳ್ತವೆ.